ಬೋಟು ಕಟ್ಟಿಹಾಕಿದ ಮೇಲೆ ನೋಡಿದ ಸಿನಿಮಾಗಳು

ಜೂನ್ ಒಂದಕ್ಕೆ ಬೈತಖೋಲದಲ್ಲಿ ಹಗ್ಗ ಬಿಗಿದು
ಎಂಜಿನ್ನಿಗೆ ತಾಡಪತ್ರಿ ಹೊದೆಸಿ ಬಂದರೆ
ಅರವತ್ತೊಂದು ದಿನ ನಾನು ಮೆಕ್ಯಾನಿಕ್ ಅಲ್ಲ,
ಎರಡನೇ ಆಟದ ಗಿರಾಕಿ.
ಜೊತೆಗೆ ಇನಾಸ, ನಮ್ಮ ಬೋಟಿನ ಅಡುಗೆಯವ.

ಮೊದಲು ಹೊಡೆದಾಟದ್ದು ಹೇಳಿಬಿಡುತ್ತೇನೆ.
ಖಳನಾಯಕ ಡೀಸೆಲ್ ಬ್ಯಾರೆಲ್ಲಿಗೆ ಸಿಗರೇಟು ಎಸೆದ,
ಬಂದರಿಗೆ ಬಂದರೇ ಹಾರಿಹೋಯಿತು.
ಇಪ್ಪತ್ತೆರಡು ವರ್ಷ ಡೀಸೆಲ್ಲಿನ ಮಗ್ಗುಲಲ್ಲೇ ಬೀಡಿ ಸೇದಿದವ ನಾನು
(ಸೇದಬಾರದು, ಅದು ಬೇರೆ ಮಾತು),
ಒಮ್ಮೆಯೂ ಹುಬ್ಬು ಸುಟ್ಟಿಲ್ಲ.

ನಾಯಕ ಕೀಲಿ ತಿರುಗಿಸಿದ, ದೋಣಿ ಎದ್ದು ಓಡಿತು.
ಒಂದು ಕೆಮ್ಮಿಲ್ಲ, ಒಂದು ಕಪ್ಪು ಹೊಗೆಯಿಲ್ಲ,
ಕಸ ಹಿಡಿದ ನಾಜಲ್ಲಿಗೆ ಮೂರು ಸಲ ಕೈಮುಗಿಯುವುದಿಲ್ಲ.
ಆಮೇಲೆ ಒಬ್ಬನೇ ನಲವತ್ತು ಜನರನ್ನು ಹೊಡೆದ,
ಅದನ್ನು ನಂಬಿದೆ.
ಎಂಜಿನ್ನು ಮಾತ್ರ ನಂಬಲಿಲ್ಲ.

ಆದರೆ ಎಡಗಡೆಯಿಂದ ಮೂರನೆಯ ಗೂಂಡಾ,
ಹಸಿರು ಬನಿಯನ್ನಿನವ, ಅವನಿಗೆ ನನ್ನ ಪೂರ್ತಿ ಅಂಕ.
ಏಟು ತಿಂದು ಮೀನಿನ ಬುಟ್ಟಿಗಳ ಮೇಲೆ ಬಿದ್ದ,
ಬಿದ್ದವನು ಒಂದು ಕಣ್ಣು ತೆರೆದು
ಮೇಲೆ ಬೀಳಲಿರುವವನಿಗೆ ಜಾಗ ಬಿಟ್ಟು ಸರಿದ.
'ಕಂಡ್ಯಾ, ಕಂಡ್ಯಾ' ಅಂತ ಇನಾಸ ನನ್ನ ತೊಡೆಗೆ ಹೊಡೆದ.
ಬಲೆ ಎಳೆಯುವಾಗ ನಾವೂ ಹೀಗೇ.

ಇನ್ನೊಂದು, ಅಣ್ಣನ ಸೇಡು, ಎರಡು ಗಂಟೆ ಐವತ್ತು ನಿಮಿಷ.
ಅಣ್ಣ ಸತ್ತೇ ಇಲ್ಲವೆಂದು ಇಂಟರ್ವಲ್ಲಿಗೇ
ವಡೆ ಮಾರುವವ ಹೇಳಿಬಿಟ್ಟ.
ಸಿನಿಮಾಕ್ಕೆ ಎರಡು ಅಂಕ, ವಡೆಗೆ ಐದು.

ಸಂಸಾರದ ಸಿನಿಮಾಗಳ ತೊಂದರೆಯೇ ಬೇರೆ.
ಮೊದಲಿನ ತಾಯಂದಿರು ಹೊಳೆಯಾಚೆ ಸದಾಶಿವಗಡಕ್ಕೂ ಕೇಳುವ ಹಾಗೆ ಅಳುತ್ತಿದ್ದರು,
ಈಗಿನವರು ಕಿಟಕಿ ನೋಡುತ್ತಾರೆ, ಪಿಸುಗುಡುತ್ತಾರೆ.
ಒಬ್ಬಳಂತೂ ಸಮುದ್ರದೆದುರು ಐದು ನಿಮಿಷ ಸುಮ್ಮನೆ ನಿಂತಳು.
ನಾವು ನಿಂತರೆ ಗಾಳಿ ಎತ್ತಲಿಂದ ಅಂತ ನೋಡಲು;
ಅವಳು ಯಾಕೆ ಅಂತ ಕೊನೆಗೂ ಹೇಳಲಿಲ್ಲ.
ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ.

ಇನಾಸನಿಗೆ ಬಲಗಿವಿ ಇಲ್ಲ, ಎಡಗಿವಿ ಅರ್ಧ.
ಅವನ ಎಡಕ್ಕೆ ಕೂತು ಮಾತು ದಾಟಿಸುವವ ನಾನು.
'ಏನಂದ್ಳು?'
'ಹೋಗ್ತೆ ಅಂದ್ಳು.'
'ಎಲ್ಲಿಗೆ?'
'ಹೇಳ್ಲಿಲ್ಲ.'
ಕತೆ ತೀರಾ ಬಿಗಿದಾಗ ನನ್ನವೂ ಎರಡು ಮಾತು ಸೇರಿಸುತ್ತೇನೆ;
ಒಮ್ಮೆ ಒಂದು ವಿಚ್ಛೇದನವನ್ನೇ ತಪ್ಪಿಸಿದ್ದೇನೆ.

ಮೊನ್ನೆಯದರಲ್ಲಿ ರಿಟೈರಾದ ರೈಲ್ವೆ ಗಾರ್ಡು ಅಪ್ಪ,
ಮಗಳು, ಒಂದು ಅಡುಗೆಮನೆ. ಅಷ್ಟೇ.
ಕ್ಯಾಮೆರಾ ಕೂಡ ಸಂಕೋಚಪಟ್ಟು ಬಾಗಿಲ ಹೊರಗೇ ನಿಂತಿತ್ತು.
ಟಾಕೀಸಿನಲ್ಲಿ ನಮ್ಮನ್ನೂ ಸೇರಿಸಿ ಏಳು ಜನ.
ಅಪ್ಪ ನಲ್ಲಿ ಬಿಟ್ಟು ಬಟ್ಟಲು ತೊಳೆಯುತ್ತ,
ಬೆನ್ನು ತಿರುಗಿಸದೆ, ಗಂಟಲಲ್ಲೇ ಏನೋ ಅಂದ.
ಇನಾಸ ಕೂಗಿದ: 'ಏನಂದ?'

ನನಗೆ ಕೇಳಿತ್ತು.
ಆದರೆ ಆ ಕಿವಿ ಹೋದದ್ದು ನನ್ನ ಎಂಜಿನ್ನಿನಿಂದ.
ಸೈಲೆನ್ಸರ್ ಒಡೆದು ಎರಡು ಹಂಗಾಮು,
ಅವನ ಒಲೆ ಅದರ ಪಕ್ಕಕ್ಕೇ,
'ಬರೋ ವಾರ ಹಾಕಿಸ್ತೆ' ಅನ್ನುತ್ತ ನಾನು
ಆ ವಾರವನ್ನು ಗೋವೆಯಿಂದ ಮಲ್ಪೆತನಕ ಎಳೆದಿದ್ದೆ.

'ಏನಂದ, ಪುಂಡಲೀಕಾ?'
'ತಪ್ಪಾಯ್ತು,' ಅಂದೆ.
ಕೇಳಲಿಲ್ಲ.
ಇನ್ನೂ ಗಟ್ಟಿಯಾಗಿ, 'ತಪ್ಪಾಯ್ತು!'
ಐದು ತಲೆ ನಮ್ಮ ಕಡೆ ತಿರುಗಿದವು.
ಕೊನೆಗೆ 'ಅಂದ' ಅಂತ ಸೇರಿಸುವುದು ಬಿಟ್ಟುಹೋಯಿತು.
ಇನಾಸ ಪರದೆಯಿಂದ ಕಣ್ಣು ತೆಗೆಯಲಿಲ್ಲ.
'ಹ್ಞಾಂ. ಗೊತ್ತಾಯ್ತು. ಮುಂದೆ ನೋಡು.'

ಹೊರಗೆ ಚಹಾ ಕುಡಿಯುತ್ತ ಹೇಗಿತ್ತೆಂದು ಕೇಳಿದೆ.
ಬೋಟಿನಲ್ಲಿ ಹನ್ನೊಂದು ಜನಕ್ಕೆ ಹತ್ತು ದಿನ
ಸಿಹಿನೀರು ಅಳೆದು ಕೊಡುವವ ಅವನು.
ಲೋಟ ಕೆಳಗಿಟ್ಟು, ಬಹಳ ಯೋಚಿಸಿ ಹೇಳಿದ:
'ಸಿನಿಮಾ ಚಲೋ ಉಂಟು. ಆದರೆ ಕಡೇತನಕ
ಆ ನಲ್ಲಿ ಒಬ್ಬರೂ ಬಂದ್ ಮಾಡ್ಲಿಲ್ಲ ನೋಡು.'